ಹೊಸ ಬಲ್ಬಿಗೆ ಕುಂಕುಮ

ನಲ್ಲಂಪಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಗೆಳತಿಯ ಮನೆ ಇದೆ. ಸೇಲಂನ ನಮ್ಮ ಬೀದಿಯಿಂದ ಕಾರಿನಲ್ಲಿ ಒಂದೂಕಾಲು ಗಂಟೆಯ ದಾರಿ. ತಿಂಗಳಿಗೊಂದು ಶನಿವಾರ ಹೋಗುತ್ತೇನೆ. ಅವಳು ಕುರಿಗಳನ್ನು ಗಂಡನ ವಶಕ್ಕೆ ಬಿಟ್ಟು ಮಧ್ಯಾಹ್ನ ಓಡಿ ಬರುತ್ತಾಳೆ. ಇಬ್ಬರೂ ಮುದ್ದೆ ಉಣ್ಣುತ್ತೇವೆ. ಕೈ ತೊಳೆದ ನೀರು ಆರುವ ಮೊದಲೇ ಅವಳು ಕೋಲು ಹಿಡಿದು ಹೊರಡುತ್ತಾಳೆ. ನಾನು ಅವಳ ಓರಗಿತ್ತಿಯ ಜೊತೆ ಒಂದಿಷ್ಟು ಮಾತಾಡಿ, ನಾಲ್ಕು ಗಂಟೆಗೆ ಕಾರು ಹತ್ತುತ್ತೇನೆ.

ನಾವಿಬ್ಬರೂ ಒಂದೇ ಕಾನ್ವೆಂಟಿನಲ್ಲಿ ಓದಿದವರು. ತರಗತಿಯಲ್ಲಿ ಮನೆಮಾತು ಕನ್ನಡವಾಗಿದ್ದವರು ನಾವಿಬ್ಬರೇ. ಒಳಗೆ ಸಿಸ್ಟರ್‌ಗಳ ಇಂಗ್ಲಿಷು, ಮೈದಾನದಲ್ಲಿ ಎಲ್ಲರ ತಮಿಳು, ನೀರಿನ ನಲ್ಲಿಯ ಹತ್ತಿರ ಮಾತ್ರ ನಮ್ಮ ಕನ್ನಡ. ಅವಳು ಹಾಸ್ಟೆಲಿನ ಹುಡುಗಿ, ನಾನು ಮನೆಯಿಂದ ಬಂದು ಹೋಗುವವಳು. ನಾಲ್ಕಕ್ಕೆ ಗಂಟೆ ಹೊಡೆದರೆ ನನ್ನ ರಿಕ್ಷಾ ಗೇಟಿನಲ್ಲಿ ನಿಂತಿರುತ್ತಿತ್ತು. ಹೋದ ವರ್ಷ ಒಂದು ದಿನ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಹೊಳೆಯಿತು: ಹತ್ತು ವರ್ಷದವರಿದ್ದಾಗಿನಿಂದ ಈ ನಲವತ್ತಾರರವರೆಗೆ ನಾವಿಬ್ಬರೂ ಒಂದೇ ಒಂದು ಸಂಜೆಯನ್ನು ಜೊತೆಯಲ್ಲಿ ಕಳೆದಿಲ್ಲ. ಮಡಿಸಿದ ಸೀರೆಯನ್ನು ಮತ್ತೆ ಬಿಚ್ಚಿ ಮಡಿಸಿದೆ. ಒಂದು ಸಂಜೆ ಅವಳ ಅಂಗಳದಲ್ಲಿ ಕೂರಬೇಕು ಅನ್ನಿಸಿತು. ಅಷ್ಟೇ, ಬೇರೇನೂ ಬೇಡ.

ಅದಕ್ಕೆ ಅಡ್ಡವಾಗಿದ್ದುದು ನಮ್ಮ ಕಾರಿನ ಹೆಡ್‌ಲೈಟು. ಹದಿನಾರು ವರ್ಷದ ಕಾರು. ಅದರ ಹ್ಯಾಲೊಜೆನ್ ಬಲ್ಬುಗಳ ಬೆಳಕು ತಣ್ಣಗಾದ ಚಹಾದ ಬಣ್ಣ. ಅದರಲ್ಲೂ ಎಡಗಡೆಯದು ಇನ್ನೂ ಮಂಕು. ಒಮ್ಮೆ ಮುಸ್ಸಂಜೆಯಲ್ಲಿ ಆ ದಾರಿಯ ತೊಪ್ಪೂರು ಘಾಟಿ ಇಳಿಯುವಾಗ, ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರಾಕ್ಟರು ನಮ್ಮವರಿಗೆ ಕಂಡಿದ್ದು ತೀರಾ ಹತ್ತಿರ ಹೋದ ಮೇಲೆ. ಬ್ರೇಕು ಹಾಕಿದ ರಭಸಕ್ಕೆ ಹಿಂದಿನ ಸೀಟಿನಲ್ಲಿದ್ದ ಹಲಸಿನ ಹಣ್ಣು ಉರುಳಿ ನನ್ನ ಕಾಲಬುಡಕ್ಕೆ ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ನಾನೊಬ್ಬಳೇ ಓಡಿಸುವುದಾದರೆ ದೀಪ ಹಚ್ಚುವ ಹೊತ್ತಿಗೆ ಕಾರು ಮನೆಯ ಮುಂದೆ ಇರಬೇಕು.

ನಮ್ಮವರು ರೇಷ್ಮೆ ಪಂಚೆ ನೇಯಿಸುವವರು, ಜಗಳದ ಮನುಷ್ಯರಲ್ಲ. "ಬೇಡ ಅಂದೆನಾ? ಓಗು, ಆದ್ರೆ ಬೆಳಕಿರೋವಾಗ್ಲೇ ಬಂದ್ಬಿಡು," ಅನ್ನುತ್ತಾರೆ. ಅಂಥವರ ಮಾತು ಮೀರುವುದು ಇನ್ನೂ ಕಷ್ಟ.

"ಎಲ್‌ಇಡಿ ಹಾಕಿಸಿದರೆ?" ಅಂದೆ.

"ಹಾಕ್ಸು. ನಾನು ಪರೀಕ್ಷೆ ಮಾಡ್ತೀನಿ. ಪಾಸಾದ್ರೆ ಸಾಯಂಕಾಲ ಇದ್ದು ಬಾ. ಆದ್ರೆ ಅಮ್ಮನ್ನ ಜೊತೆಗೆ ಕರ್ಕೊಂಡೋಗು."

ನಮ್ಮ ಬೀದಿಯ ಕೊನೆಯಲ್ಲಿ ಗಾಡಿಗಳ ವೈರಿಂಗ್ ನೋಡುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಕನ್ನಡ ಬರುತ್ತದೆ, ಅರ್ಧ ತಮಿಳು ಬೆರೆಸುತ್ತಾರೆ. ಬಾನೆಟ್ ಎತ್ತಿ, ಹುಬ್ಬು ಗಂಟಿಕ್ಕಿ ನೋಡಿದರು.

"ಎಲ್‌ಇಡಿ ಹಾಕ್ಬೋದಮ್ಮಾ. ಆದ್ರೆ ಜಾಸ್ತಿ ಪವರ್ ಬೇಡ. ಎದುರ್ಗಡೆ ಬರೋನ್ಗೂ ಕಣ್ಣೈತೆ ಇಲ್ವಾ? ಬಲಗಡೆ ಈಜಿ. ಎಡಗಡೆ ನೋಡಿ, ಬ್ಯಾಟರಿ ಅಡ್ಡ ಕೂತೈತೆ. ನನ್ನ ಕೈ ಉಳ್ಳೇ ಪೋಗಾದು. ಬ್ಯಾಟರಿ ಕಳಚ್ಬೇಕು. ತಿಂಗಕಿಳಮೆ ಬನ್ನಿ."

ತಿಂಗಕಿಳಮೆ ಅಂದರೆ ಸೋಮವಾರ. ನನಗೆ ಬೇಕಾಗಿದ್ದುದು ಶನಿವಾರಕ್ಕೆ. ಅಂಗಡಿಯಿಂದ ಜೋಡಿ ಬಲ್ಬು ಕೊಂಡು, ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದೆ.

ಅತ್ತೆ ಡಬ್ಬಿ ತೆರೆದು ನೋಡಿದರು. ಹಿಂಭಾಗದಲ್ಲಿ ಪುಟ್ಟ ಫ್ಯಾನು, ಮುಂದೆ ಚಪ್ಪಟೆ ಲೋಹದ ನಾಲಿಗೆ, ನಾಲಿಗೆಯ ಎರಡೂ ಬದಿಗೆ ಹಳದಿಯ ಸಣ್ಣ ಸಣ್ಣ ಚೌಕಗಳು.

"ಇದೇನಮ್ಮಣಿ, ಬಲ್ಬೊಳ್ಗೆ ಫ್ಯಾನು? ಬಲ್ಬ್‌ಗೂ ಸೆಕೆ ಆಗ್ತೈತಾ?"

"ಹೌದತ್ತೆ, ಬಿಸಿಯಾದರೆ ಕೆಟ್ಟುಹೋಗುತ್ತಂತೆ."

"ನಂಗೂ ಅಂಗೇಯಾ. ನನ್ನ ರೂಮಿನ್ ಫ್ಯಾನ್ ಸದ್ದು ಮಾಡ್ತೈತೆ ಅಂತ ಹೇಳಿ ಆರ್ ತಿಂಗ್ಳಾಯ್ತು."

ಎಡಗಡೆಯ ಬ್ಯಾಟರಿಯ ಕಷ್ಟ ಹೇಳಿದೆ. ಅತ್ತೆ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಐವತ್ತು ವರ್ಷ ಮಗ್ಗದಲ್ಲಿ ಕೂತ ಕೈ. ಹಾಸಿನ ಎಳೆ ಹರಿದರೆ ಕಣ್ಣು ಬೇರೆ ಕಡೆ ಇದ್ದರೂ, ಎಳೆಗಳ ಸಂದಿನಲ್ಲಿ ಎರಡು ಬೆರಳು ಇಳಿಸಿ ಗಂಟು ಹಾಕಿಬಿಡುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಬಾಯಿ ಬಿಟ್ಟು ನೋಡುತ್ತಿದ್ದೆ.

"ನಾಳೆ ವೆಳ್ಳಿಕಿಳಮೆ. ಪೂಜೆ ಆಗ್ಲಿ, ಆಮೇಲೆ ನಾನ್ ನೋಡ್ತೀನಿ," ಎಂದರು.

ಶುಕ್ರವಾರದ ಪೂಜೆಯಲ್ಲಿ ಬಲ್ಬುಗಳ ಡಬ್ಬಿಯೂ ದೇವರ ಮುಂದೆ ಇತ್ತು. ನಮ್ಮಲ್ಲಿ ಹೊಸ ಲಾಳಿ ಬಂದರೂ ಅರಿಶಿನ ಕುಂಕುಮ ಇಡದೆ ಮಗ್ಗಕ್ಕೆ ಹಾಕುವುದಿಲ್ಲ. ಹಾಗಾಗಿ ಫ್ಯಾನಿನ ಬುಡದಲ್ಲಿ ಒಂದೊಂದು ಬೊಟ್ಟು ಕಂಡಾಗ ನನಗೆ ಅಚ್ಚರಿಯಾಗಲಿಲ್ಲ. ಅಲ್ಲಿದ್ದರೆ ತೊಂದರೆಯಿಲ್ಲ ಅಂದುಕೊಂಡೆ.

ಆಮೇಲೆ ಇಬ್ಬರೂ ಸೆರಗು ಸಿಕ್ಕಿಸಿ ಕಾರಿನ ಮುಂದೆ ನಿಂತೆವು. ಬಲಗಡೆಯದು ನನ್ನ ಪಾಲು. ಪ್ಲಗ್ ಎಳೆದೆ. ದಪ್ಪ ರಬ್ಬರಿನ ಮುಚ್ಚಳವನ್ನು ಕಿವಿ ಹಿಡಿದು ಬಿಡಿಸಿದೆ. ಬಲ್ಬನ್ನು ಒತ್ತಿ ಹಿಡಿದಿದ್ದ ತಂತಿಯ ಕ್ಲಿಪ್ಪನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದೆ. ಹಳೆಯ ಬಲ್ಬು ಕೈಗೆ ಬಂತು, ಗಾಜಿನ ತುದಿ ಮಸಿ ಹಿಡಿದಿತ್ತು. ಹೊಸದನ್ನು ಕರ್ಚೀಫಿನಲ್ಲಿ ಹಿಡಿದು, ಮೂರು ಹಲ್ಲುಗಳು ಮೂರು ಕಚ್ಚುಗಳಲ್ಲಿ ಕೂರುವಂತೆ ಇಟ್ಟೆ. ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರೋ, ಉಗುರಿನಲ್ಲಿ ಗ್ರೀಸು ಕಂಡು ಹೊರಗೆ ನಿಲ್ಲಿಸುತ್ತಿದ್ದರೋ!

ಎಡಗಡೆ ಅತ್ತೆಯದು. ಬಳೆಗಳನ್ನು ಮೊಣಕೈವರೆಗೆ ಏರಿಸಿ, ಬ್ಯಾಟರಿಯ ಹಿಂದಿನ ಸಂದಿಗೆ ಕೈ ಇಳಿಸಿದರು. ಮುಖ ಎದುರುಮನೆಯ ಕಡೆಗಿತ್ತು.

"ಏನ್ ಅಕ್ಕಾ, ಕಾರ್ ರಿಪೇರಿನಾ?" ಎದುರುಮನೆಯಾಕೆ ಮಹಡಿಯಿಂದ ಕೇಳಿದರು.

"ಆಮಾ. ನಿಮ್ಮನೆ ಸ್ಕೂಟರ್ರೂ ತಗೊಂಡ್ಬಾ, ಜೊತೇಲೇ ಮಾಡ್ಬಿಡ್ತೀನಿ," ಎಂದರು ಅತ್ತೆ. ಆ ಮಾತು ಮುಗಿಯುವಷ್ಟರಲ್ಲಿ ಒಳಗೆ ಟಿಕ್ ಎಂದು ಕ್ಲಿಪ್ಪು ಬಿಟ್ಟುಕೊಂಡಿತು. ಹಳೆಯದು ಹೊರಗೆ ಬಂತು. ಹೊಸದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಒಳಗೆ ಒಯ್ದರು. ಇನ್ನೊಂದು ಟಿಕ್. ಎಲೆಕ್ಟ್ರಿಷಿಯನ್ ಸೋಮವಾರದ ಕೆಲಸ ಅಂದಿದ್ದು, ಒಂದು ವೀಳ್ಯ ಅಗಿಯುವಷ್ಟು ಹೊತ್ತಿನಲ್ಲಿ ಮುಗಿಯಿತು.

ಕತ್ತಲಾಗುವ ಹೊತ್ತಿಗೆ ನಮ್ಮವರು ಪರೀಕ್ಷೆಗೆ ಬಂದರು. ಕಾರನ್ನು ಕಾಂಪೌಂಡ್ ಗೋಡೆಯ ಎದುರು ನಿಲ್ಲಿಸಿ ಸ್ವಿಚ್ ಒತ್ತಿದೆ. ಬಲಗಡೆ ಬಿಳಿಯ ಬೆಳಕು ಹಾಲು ಚೆಲ್ಲಿದ ಹಾಗೆ ಹರಡಿತು. ಸುಣ್ಣದ ಗೋಡೆಯಲ್ಲಿ ಬ್ರಶ್ಶಿನ ಕೂದಲು ಅಂಟಿಕೊಂಡಿದ್ದೂ ಕಂಡಿತು. ಎಡಗಡೆ ಮಾತ್ರ ಕೆಂಪು ಕೆಂಪಾಗಿ, ನಡುನಡುವೆ ಹರಿದ ಬಟ್ಟೆಯ ಹಾಗೆ ಕಪ್ಪು ತೇಪೆ. ಸ್ವಲ್ಪ ಹೊತ್ತಿಗೆ ಏನೋ ಸೀದ ವಾಸನೆಯೂ ಬಂತು.

"ಆರ್ಸು, ಆರ್ಸು!" ಎಂದು ನಮ್ಮವರು ಕೂಗಿದರು. ನಾನು ಆರಿಸಿ ಇಳಿದೆ.

"ಇದ್ನ ನಂಬ್ಕೊಂಡು ಘಾಟಿ ಇಳೀತೀಯಾ? ಅಳೇದೇ ವಾಸಿಯಾಗಿತ್ತು."

ನಾಳೆ ಇದ್ದು ಬರುತ್ತೇನೆ ಎಂದು ಗೆಳತಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಅವಳು ನಂಬದೆ ಎರಡೆರಡು ಸಲ ಕೇಳಿದ್ದಳು.

ಅತ್ತೆ ಯಾಕೋ ಸೆರಗಿನ ತುದಿ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದರು.

"ಅತ್ತೆ?" ಅಂದೆ.

"ಕಾರಿನ್ ಎಡಗಣ್ಣು ಮೊದ್ಲಿಂದ್ಲೂ ಮಂಕಾಗಿತ್ತಲ್ಲ ಅಮ್ಮಣಿ. ಅದಕ್ಕೇಂತ ಒಸಿ ಜಾಸ್ತಿ ಇಟ್ಟೆ."

"ಏನು ಜಾಸ್ತಿ?"

"ಕುಂಕುಮ."

"ಎಲ್ಲಿ?"

"ನಾಲ್ಗೆ ಐತಲ್ಲ, ಅದ್ರ ಮೇಲೆ ಕಂಪ್ನಿಯೋರೇ ಅರಿಶ್ಣ ಇಟ್ಟವ್ರೆ. ಚೌಕ ಚೌಕವಾಗಿ, ಎಷ್ಟ್ ನೀಟಾಗಿ! ಬರೀ ಅರಿಶ್ಣ ಇಟ್ಟು ಕುಂಕುಮ ಬಿಟ್ಟವ್ರಲ್ಲಾ ಪಾಪ ಅಂತ, ನಾನು ಎರಡು ಕಡೆಗೂ ಇಟ್ಟೆ. ನಿಂತ್ಕೊಳ್ಲಿ ಅಂತ ಒಂದ್ ತೊಟ್ಟು ಎಣ್ಣೆ ಹಚ್ಚಿ ಇಟ್ಟೆ."

ಬೆಳಕು ಬರುವುದೇ ಆ ಹಳದಿ ಚೌಕಗಳಿಂದ! ನಮ್ಮವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಮೊದಲು ನಕ್ಕಿದ್ದು ಅವರೇ, ಬಾನೆಟ್ ಮೇಲೆ ಕೈಯೂರಿಕೊಂಡು. ನನಗೆ ನಗುವಿನ ಜೊತೆ ಕಣ್ಣೀರೂ ಬಂತು. ಅತ್ತೆ ಮಗನ ಬೆನ್ನಿಗೆ ಒಂದು ಗುದ್ದಿದರು.

"ನಗ್ಬೇಡ್ಲಾ. ಆ ಡಬ್ಬಿ ಮೇಲೆ 'ಇದು ಅರಿಶ್ಣ ಅಲ್ಲ' ಅಂತ ಬರ್ದವ್ರಾ?"

ಬರೆದಿರಲಿಲ್ಲ, ನಾನು ಓದಿ ನೋಡಿದ್ದೆ.

ಬಲ್ಬು ತಣ್ಣಗಾಗುವವರೆಗೆ ಕಾದೆವು. ಅತ್ತೆಯೇ ಮತ್ತೆ ಕೈ ಇಳಿಸಿ ತೆಗೆದುಕೊಟ್ಟರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ, ಎಳೆಮಗುವಿನ ಕಿವಿ ಒರೆಸುವ ಹಾಗೆ ಒರೆಸಿದೆ. ನಾಲ್ಕು ಹತ್ತಿಯುಂಡೆ ಕೆಂಪಾದ ಮೇಲೆ ಐದನೆಯದು ಬೆಳ್ಳಗೆ ಉಳಿಯಿತು. ಮತ್ತೆ ಟಿಕ್. ಮತ್ತೆ ಸ್ವಿಚ್. ಈ ಸಲ ಎರಡೂ ಕಡೆ ಹಾಲು.

ಆದರೆ ನಮ್ಮವರ ಪರೀಕ್ಷೆ ಮುಗಿದಿರಲಿಲ್ಲ. ಒಂದು ಮೋಟು ಸ್ಟೂಲು ಹಿಡಿದುಕೊಂಡು ಬೀದಿಯ ಆ ತುದಿಗೆ ಹೋಗಿ, ಪಂಚೆ ಎತ್ತಿ ಕಟ್ಟಿ, ಸ್ಟೀರಿಂಗ್ ಹಿಡಿದವರ ಹಾಗೆ ಎರಡೂ ಕೈ ಮುಂದೆ ಚಾಚಿ ಕೂತರು. ಎದುರಿಗೆ ಬರುವ ಡ್ರೈವರು ಅವರೇ. ನಾನು ಡಿಮ್ ಹಾಕಿದೆ.

"ಕಣ್ಣಿಗೆ ಒಡೀತೈತೆ! ಇಳ್ಸು!" ಎಂದು ಅಲ್ಲಿಂದಲೇ ಕೂಗಿದರು.

ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿದೆ. "ಇನ್ನೂ! ಇನ್ನೊಂಚೂರು! ಆಂ... ಅತ್ಲಾಗೆ ಜಾಸ್ತಿಯಾಯ್ತು!" ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲಿನವರು ಇಳಿದು ನಿಂತು, "ಎನ್ನ ಸಾರ್, ಡ್ರೈವಿಂಗ್ ಕ್ಲಾಸಾ?" ಎಂದು ಕೇಳಿದರು. ಕೊನೆಗೆ ಬೆಳಕು ನಮ್ಮವರ ಎದೆಯ ಕೆಳಗೆ ನಿಂತಿತು. ಅವರು ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಪಾಸು," ಎಂದರು.

ಶನಿವಾರ ನಾಲ್ಕು ಗಂಟೆಯಾದಾಗ ಅಭ್ಯಾಸಬಲದಿಂದ ನನ್ನ ಕೈ ಚೀಲದ ಕಡೆಗೆ ಹೋಯಿತು. ಮತ್ತೆ ಕೂತೆ. ಅತ್ತೆ ಆಗಲೇ ಗೆಳತಿಯ ಓರಗಿತ್ತಿಗೆ ಬಲ್ಬಿನ ಕಥೆಯನ್ನು ಎರಡನೆಯ ಸಲ ಹೇಳುತ್ತಿದ್ದರು. ಆ ಕಥೆಯಲ್ಲಿ ಕುಂಕುಮ ಇಟ್ಟಿದ್ದು ನಾನು.

ಆರು ಗಂಟೆಯ ಸುಮಾರಿಗೆ ದಾರಿಯಲ್ಲಿ ಧೂಳೆದ್ದಿತು. ಮೊದಲು ಮರಿಗಳ ಕೂಗು, ಆಮೇಲೆ ಕುರಿಗಳು, ಎಲ್ಲಕ್ಕೂ ಹಿಂದೆ ನನ್ನ ಗೆಳತಿ. ನನ್ನನ್ನು ಕಂಡು ನಿಂತೇಬಿಟ್ಟಳು.

"ಲೇ, ಇನ್ನೂ ಇದ್ದೀಯಾ! ನಿಜ್ವಾಗ್ಲೂ ಇದ್ದೀಯಾ!"

ಕುರಿಗಳು ಹಟ್ಟಿ ಸೇರಿದ ಮೇಲೆ ಕಾಲು ತೊಳೆದು, ತಲೆಗೂದಲು ಬಿಚ್ಚಿಕೊಂಡು ಜಗಲಿಯ ಮೇಲೆ ನನ್ನ ಪಕ್ಕ ಕೂತಳು. ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ, ಸಂಜೆಯ ಹೊತ್ತು ಅವಳು ನಿಧಾನವಾಗಿ ಮಾತಾಡುತ್ತಾಳೆ. ಮಧ್ಯಾಹ್ನದ ಮಾತೆಲ್ಲ ಓಟದಲ್ಲಿ ಆಡಿದ್ದು. ಕತ್ತಲಲ್ಲಿ ಕೂತರೆ ಒಂದು ಕಾಲನ್ನು ಅಲ್ಲಾಡಿಸುತ್ತಾ, ಮಾತಿನ ನಡುವೆ ಮಾತು ಬಿಟ್ಟು ಆಕಾಶ ನೋಡುತ್ತಾಳೆ.

"ನಾನು ಮನೆಗೆ ಹೋದ ಮೇಲೆ ಹಾಸ್ಟೆಲಿನಲ್ಲಿ ನೀನು ಏನು ಮಾಡುತ್ತಿದ್ದೆ?" ಎಂದು ಕೇಳಿದೆ.

"ಏನ್ ಮಾಡ್ತಿದ್ದೆ? ಗೇಟ್ ತಾವ ನಿಂತ್ಕೊಂಡು ನಿನ್ ರಿಕ್ಷಾ ತಿರುಗೋವರ್ಗೂ ನೋಡ್ತಿದ್ದೆ. ಆಮೇಲೆ ಬೆಳಗಾಗೋದ್ನ ಕಾಯ್ತಿದ್ದೆ." ಆಮೇಲೆ ಕಾಲು ಅಲ್ಲಾಡಿಸುತ್ತಾ, "ನಿನಗಲ್ಲ ಕಣೇ, ನಿಮ್ಮಮ್ಮ ಕಳಿಸ್ತಿದ್ದ ಟೊಮೇಟೊ ಅನ್ನಕ್ಕೆ," ಎಂದು ಭುಜದಿಂದ ನನ್ನ ಭುಜವನ್ನು ತಳ್ಳಿದಳು.

ಎಂಟಕ್ಕೆ ಹೊರಟೆವು. ಘಾಟಿಯ ಇಳಿಜಾರಿನಲ್ಲಿ ರಸ್ತೆಯ ಬಿಳಿ ಗೆರೆ ಕೊನೆಯವರೆಗೂ ಕಾಣುತ್ತಿತ್ತು. ಲಾರಿಗಳ ಹಿಂದೆ ಬರೆದ ಅಕ್ಷರಗಳನ್ನು ದೂರದಿಂದಲೇ ಓದಬಹುದಿತ್ತು. ನಾನು ಡಿಮ್ ಬಿಟ್ಟು ಬ್ರೈಟ್ ಹಾಕಲಿಲ್ಲ, ಅದರ ಅಗತ್ಯವೇ ಬೀಳಲಿಲ್ಲ. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ತಾವು ಹಾಕಿದ ಎಡಗಡೆಯ ಬೆಳಕೇ ಚೆನ್ನಾಗಿದೆ ಎಂದು ದಾರಿಯುದ್ದಕ್ಕೂ ಸಾಧಿಸಿದರು.

ಮನೆ ಮುಟ್ಟಿದ ಕೂಡಲೇ ಗೆಳತಿಗೆ ಫೋನ್ ಮಾಡಿ, ತಲುಪಿದೆವು ಅಂದೆ. ಅವಳು ಏನೋ ಕೇಳಿದಳು, ನಾನು ಏನೋ ಹೇಳಿದೆ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ತಟ್ಟೆಯ ಮುಂದೆ ಕೂತಿದ್ದ ನಮ್ಮವರು ಗಡಿಯಾರ ನೋಡಿ, ನನ್ನನ್ನು ನೋಡಿ, ಕೊನೆಗೆ ತಾವೇ ಎದ್ದು ಸಾರು ಬಡಿಸಿಕೊಂಡರು.

"ಈಗ್ತಾನೆ ಅಲ್ಲಿಂದ ಬಂದೆ. ಇನ್ನೂ ಏನೈತೆ ಮಾತಾಡೋಕೆ?"

ಫೋನಿನ ಆ ಕಡೆ ಗೆಳತಿಗೆ ಕೇಳಿಸಿತು. "ಹೇಳೇ ನಿಮ್ಮೋರ್ಗೆ," ಎಂದಳು, "ಈಗ್ತಾನೆ ಶುರುವಾಗೈತೆ ಅಂತ."