ಅಳಿಯ ಹಾಕಿದ ಬೆಲ್ಟು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಹೊನ್ನಾಳಿಯ ನಮ್ಮ ಓಣಿಗೆಲ್ಲ ಗೊತ್ತು. ಅಂಥ ನಾನು ದೀಪಾವಳಿ ಕಳೆದ ಮೇಲೆ ಎಷ್ಟೋ ದಿನ ಬಾಯಿಗೆ ಬೀಗ ಹಾಕಿಕೊಂಡು ವ್ಯಾನು ಓಡಿಸಿದೆ. ಕಾರಣ, ಹೊಸ ಅಳಿಯ.

ನನ್ನದು ಬಳೆ ವ್ಯಾಪಾರ. ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವ ಹಳೇ ವ್ಯಾನಿನಲ್ಲಿ ಗಾಜಿನ ಬಳೆ ತುಂಬಿಕೊಂಡು ಸಂತೆ ತಿರುಗುತ್ತೇನೆ. ಒಂದು ದಿನ ನ್ಯಾಮತಿ, ಇನ್ನೊಂದು ದಿನ ಬಸವಾಪಟ್ಟಣ, ದೂರವಾದರೂ ಜಗಳೂರು. ಶಾಲೆಗೆ ರಜೆ ಬಂದರೆ ಮಗಳೂ ಆ ಬಿಸಿ ಸೀಟಿನ ಮೇಲೆ ಕೂತು ನನ್ನ ಜೊತೆ ಬರುತ್ತಿದ್ದಳು. ಈಗ ಅವಳನ್ನು ಚನ್ನಗಿರಿಗೆ ಕೊಟ್ಟಿದ್ದೇವೆ. ಅಳಿಯ ಅಲ್ಲಿ ಸಣ್ಣದೊಂದು ಗ್ಯಾರೇಜು ಇಟ್ಟಿದ್ದಾನೆ. ಮಾತು ಕಡಿಮೆ, ಕೆಲಸ ಜಾಸ್ತಿ.

ಮದುವೆಯಾದ ಮೊದಲ ದೀಪಾವಳಿಗೆ ಇಬ್ಬರೂ ಬಂದರು. ಸುಮ್ಮನೆ ಕೂರಲಾರದ ಅಳಿಯ ವ್ಯಾನಿನ ಸೀಟು ಎತ್ತಿ, ಮುಚ್ಚಳ ಬಿಚ್ಚಿ ನೋಡಿದ. ಟೈಮಿಂಗ್ ಬೆಲ್ಟು ಬಿರುಕು ಬಿಟ್ಟಿದೆ, ಹಾದಿಯಲ್ಲಿ ಹರಿದರೆ ಗಾಡಿ ನಿಂತೇಬಿಡುತ್ತದೆ ಎಂದು ಹೊಸದು ತಂದು ಅಂಗಳದಲ್ಲೇ ಕೆಲಸಕ್ಕೆ ಇಳಿದ. ನನ್ನ ಹೆಂಡತಿಗೆ ಜೀವ ಹೋದಂತಾಯಿತು. ಮೊದಲ ಹಬ್ಬಕ್ಕೆ ಬಂದ ಅಳಿಯನನ್ನು ಗ್ರೀಸಿನಲ್ಲಿ ಹೊರಳಾಡಿಸಿದರು ಅಂತ ಓಣಿಯವರು ಆಡಿಕೊಳ್ಳುವುದಿಲ್ಲವೇ? ಹೋಳಿಗೆ ಆರುತ್ತದೆ, ಏಳಿ ಏಳಿ ಎಂದು ಬಾಗಿಲಲ್ಲಿ ನಿಂತು ಒಂದೇ ಸಮನೆ ಕರೆದಳು. ಅತ್ತೆಗೆ ಎದುರಾಡದ ಹುಡುಗ ಅರ್ಧಕ್ಕೇ ಎದ್ದು, ಕೈ ತೊಳೆದು, ಹೊಟ್ಟೆ ಬಿರಿಯುವಂತೆ ಉಂಡು, ಆಮೇಲೆ ಬಂದು ಕೆಲಸ ಮುಗಿಸಿದ. ಗಾಡಿ ಚಾಲೂ ಮಾಡಿ ನೋಡಲೂ ಹೊತ್ತಿಲ್ಲದೆ ಸಂಜೆ ಇಬ್ಬರೂ ಊರಿಗೆ ಹೊರಟರು.

ಮಾರನೇ ಬೆಳಿಗ್ಗೆ ಸಂತೆಗೆ ಹೊರಡಲು ವ್ಯಾನು ಚಾಲೂ ಮಾಡಿದೆ. ಹಿಂದಿದ್ದ ಬಳೆಗಳೆಲ್ಲ ಒಟ್ಟಿಗೆ ಗಲಗಲ ಎಂದವು. ಗಾಡಿ ನಿಂತಲ್ಲೇ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಓಡುವಾಗ ಸೀಟಿನಡಿ ದಡದಡ ಸದ್ದು. ಏರು ಬಂದರೆ ಎಳೆಯಲೊಲ್ಲದು.

ನ್ಯಾಮತಿ ಸಂತೆಯಲ್ಲಿ ಪಕ್ಕದ ಮಂಡಕ್ಕಿಯವನು ಪೆಟ್ರೋಲು ಕಲಬೆರಕೆ ಎಂದ. ಚಹಾದಂಗಡಿಯವನು ನನ್ನ ಹೊಟ್ಟೆ ನೋಡಿ, ಸೀಟಿನ ಮೇಲೆ ಭಾರ ಜಾಸ್ತಿಯಾಗಿದೆ ಎಂದ. ಕೊನೆಗೆ ಹೊನ್ನಾಳಿಯಲ್ಲೇ ನನಗೆ ಪರಿಚಯದ ಮೆಕ್ಯಾನಿಕ್ ಸಾಹೇಬರ ಹತ್ತಿರ ಹೋದೆ. ಅವರು ಎಂಜಿನ್ ಕೂರಿಸಿದ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದರು. ನಡುಕ ಹೋಗಲಿಲ್ಲ. ಹೊರಗಿನ ಫ್ಯಾನ್ ಬೆಲ್ಟು ತೆಗೆದು ಒಂದು ಗಳಿಗೆ ಚಾಲೂ ಮಾಡಿದರು. ಸದ್ದು ಹಾಗೇ ಇತ್ತು. ಹಾಗಾದರೆ ಇದು ಟೈಮಿಂಗ್ ಬೆಲ್ಟಿನದೇ ಎಂದರು. ಆ ಬೆಲ್ಟಿಗೆ ಹಲ್ಲುಗಳಿರುತ್ತವಂತೆ. ಅದು ತಿರುಗಿಸುವ ಎರಡು ಚಕ್ರಗಳ ಮೇಲಿನ ಗುರುತು ಸರಿಯಾಗಿ ಕೂರಬೇಕು. ಒಂದೇ ಒಂದು ಹಲ್ಲು ಆಚೀಚೆಯಾದರೂ ಗಾಡಿ ಓಡುತ್ತದೆ, ಆದರೆ ಹೀಗೆ ನಡುಗುತ್ತದೆ. ಹಾಕಿದವರು ಯಾರು ಎಂದು ಕೇಳಿದರು. ಹೇಳಿದೆ. ಅವರು ಪಾನಾ ಕೆಳಗಿಟ್ಟುಬಿಟ್ಟರು.

"ಅಳಿಯಂದ್ರು ಹಾಕಿದ ಬೆಲ್ಟು ನಾನು ಬಿಚ್ಚಾಕೆ ಹೋಗಲ್ಲ ಬಿಡ್ರಿ. ನಾಳೆ ಅವರಿಗೆ ಗೊತ್ತಾದ್ರೆ ಹೆಂಗಿರುತ್ತೆ? ಅವರ ಹತ್ರಾನೇ ಹೋಗ್ರಿ."

ಹೋಗಲು ಹೆಂಡತಿ ಬಿಟ್ಟರೆ ತಾನೇ. ಮಗಳು ಆ ಮನೆಗೆ ಕಾಲಿಟ್ಟು ವರ್ಷವಾಗಿಲ್ಲ, ನಿಮ್ಮ ಕೆಲಸ ಕೆಟ್ಟಿದೆ ಎಂದು ಅಳಿಯನ ಮುಖಕ್ಕೆ ಹೇಳಿದರೆ ಆ ಮುನಿಸು ಅನುಭವಿಸುವವಳು ಅವಳೇ ಅಲ್ಲವೇ ಎಂದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ನನಗೆ. ಬಳೆ ಡಬ್ಬಿಗಳ ನಡುವೆ ಅವಳ ಹಳೇ ಸೀರೆ ತುರುಕಿ ಓಡಾಡಿದೆ. ಆದರೂ ದಿನವೂ ಒಂದಷ್ಟು ಬಳೆ ಚೂರಾಗುತ್ತಿದ್ದವು.

ಒಂದು ದಿನ ಜಗಳೂರು ಸಂತೆಗೆ ಹೋಗುವಾಗ ಏರಿನಲ್ಲಿ ಎಂಜಿನ್ ಆರಿಹೋಯಿತು. ಸುತ್ತ ಯಾರೂ ಇರಲಿಲ್ಲ. ಅಳಿಯನಿಗೆ ಬೈಯಬೇಕಾದದ್ದನ್ನೆಲ್ಲ ವ್ಯಾನಿಗೇ ಬೈದು, ಮತ್ತೆ ಚಾಲೂ ಮಾಡಿದೆ. ಅಷ್ಟರಲ್ಲಿ ಮಗಳ ಫೋನು. ಅದೇನಪ್ಪಾ ಸದ್ದು ಎಂದಳು. ಲಾರಿ ಹೋಯಿತು ಎಂದೆ.

"ಆ ಸೀಟಿನ ಮ್ಯಾಲೇ ಬೆಳೆದೋಳು ನಾನು. ಅದು ನಮ್ಮ ಗಾಡಿ."

ಗಂಡನನ್ನು ಕರೆದದ್ದು ಕೇಳಿಸಿತು. ಅವನು ಫೋನು ಹಿಡಿದು, ಸದ್ದನ್ನಷ್ಟೇ ಕೇಳಿ ಇಟ್ಟುಬಿಟ್ಟ. ಆ ದಿನ ಸಂತೆಯಲ್ಲಿ ಅಳತೆ ತಪ್ಪಿ ಯಾರಿಗೆ ಯಾವ ಬಳೆ ತೊಡಿಸಿದೆನೋ ದೇವರಿಗೇ ಗೊತ್ತು. ನಿಜವಾಗಿ ಹೆದರಿದ್ದೆ.

ಮಾರನೇ ಬೆಳಿಗ್ಗೆ ಮನೆ ಮುಂದೆ ಬೈಕು ನಿಂತಿತು. ಅಳಿಯ ಒಬ್ಬನೇ ಬಂದಿದ್ದ, ಕೈಯಲ್ಲಿ ಪಾನಾಗಳ ಚೀಲ. ಜೊತೆಗೆ ಮಗಳಿಲ್ಲದ್ದು ಕಂಡು ಹೆಂಡತಿಯ ಮುಖ ಸಪ್ಪಗಾಯಿತು. ನೀರು ಕೊಟ್ಟು ಒಳಗೆ ಬನ್ನಿ ಎಂದಳು. ಅವನು ಅಂಗಳ ಬಿಟ್ಟು ಬರಲಿಲ್ಲ.

"ಅತ್ತೇರೆ, ಕೆಲಸ ಮುಗಿಯೋವರೆಗೂ ಊಟಕ್ಕೆ ಮಾತ್ರ ಕರೀಬ್ಯಾಡ್ರಿ. ಆವತ್ತು ಬೆಲ್ಟು ಬಿಗಿ ಮಾಡೋಕಿಂತ ಮುಂಚೇನೇ ಹೋಳಿಗೆ ತಿನ್ನಾಕೆ ಎದ್ದೆ ನೋಡ್ರಿ, ಅಲ್ಲೇ ಒಂದು ಹಲ್ಲು ಜಾರೈತೆ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತಳು. ಅಳಿಯ ಗುರುತು ಕೂಡಿಸಿ, ಬೆಲ್ಟು ಬಿಗಿದು, ಎಂಜಿನನ್ನು ಪಾನಾದಿಂದ ಮೆಲ್ಲಗೆ ತಿರುಗಿಸಿ, ಗುರುತು ಮತ್ತೆ ನೋಡಿದ. ಆಮೇಲೆ ಕೀಲಿ ನನ್ನ ಕೈಗೆ ಕೊಟ್ಟ. ಚಾಲೂ ಮಾಡಿದೆ. ಒಂದು ಬಳೆಯೂ ಸದ್ದು ಮಾಡಲಿಲ್ಲ.

ಅವನು ಕೈ ಒರೆಸಿಕೊಳ್ಳುತ್ತ ನೆಲ ನೋಡಿಕೊಂಡೇ ಕೇಳಿದ: "ಮಾವಾರೆ, ನಿಮ್ಮ ಸಿಟ್ಟು ಊರಿಗೆಲ್ಲ ಗೊತ್ತೈತೆ. ನನಗೆ ಯಾಕೆ ಬೈಲಿಲ್ರಿ? ನಾನೇನು ಹೊರಗಿನವನಾ?"

ನಾನು ವ್ಯಾನಿನಿಂದ ಇಳಿದೆ. ಇಳಿದವನೇ ಬೈದೆ. ಚೂರಾದ ಬಳೆಗೆ, ಜಗಳೂರಿನ ಏರಿಗೆ, ಮಗಳನ್ನು ಬಿಟ್ಟು ಒಬ್ಬನೇ ಬಂದು ನಮ್ಮ ಜೀವ ಹಾರಿಸಿದ್ದಕ್ಕೆ, ಎಲ್ಲಕ್ಕೂ ಸೇರಿಸಿ ಬೈದೆ. ಓಣಿಯವರು ಬಾಗಿಲಿಗೆ ಬಂದು ನಿಂತರು. ಅಳಿಯ ತಲೆ ತಗ್ಗಿಸಿಕೊಂಡು ನಗುತ್ತಿದ್ದ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೊಸ್ತಿಲಿಂದ ಹೆಂಡತಿ ಮೆಲ್ಲಗೆ ಕೇಳಿದಳು: "ಇನ್ನ ಊಟಕ್ಕೆ ಕರೀಬೌದಾ?"