ನಮ್ಮತ್ತೆ ಒತ್ತಿದ ಬೆರಳು

ನಮ್ಮತ್ತೆ ನಡೆದು ಬಂದರೆ ಜೊತೆಗೆ ನೊಣಗಳೂ ಬರುತ್ತಿದ್ದವು. ಹಿಂದೂಪುರದಲ್ಲಿ ನಮ್ಮದು ಬೆಲ್ಲದ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಅಚ್ಚು ಒಡೆದು ಒಡೆದು ಅವರ ಅಂಗೈ, ಬಳೆ, ಸೆರಗು ಎಲ್ಲ ಅಂಟು. ಕೈಗೆ ಇರುವೆ ಹತ್ತಿದರೂ ಹೊಡೆಯುತ್ತಿರಲಿಲ್ಲ. "ಇವೂ ನಮ್ ಗಿರಾಕಿಗಳೇ ಕಣಮ್ಮ, ಕಾಸು ಕೊಡಕಿಲ್ಲ ಅಷ್ಟೆ" ಎಂದು ಊದಿ ಬಿಡುತ್ತಿದ್ದರು.

ನನಗೆ ಸಕ್ಕರೆ ಕಾಯಿಲೆ. ಎರಡು ಬಸುರು ನಿಲ್ಲಲಿಲ್ಲ. ಮಗನಿಗೆ ಇನ್ನೊಂದು ಮದುವೆ ಮಾಡು ಎಂದು ಯಾರಾದರೂ ಬಾಯಿಬಿಟ್ಟರೆ, "ನಿಂಗೂ ಒಂದು ಹೊಸ ಗಂಡು ನೋಡ್ಲಾ?" ಎಂದು ಅತ್ತೆ ಆ ಬಾಯಿ ಮುಚ್ಚಿಸುತ್ತಿದ್ದರು.

ಮೂರನೆಯದು ನಿಂತಾಗ ಡಾಕ್ಟರು, ಈ ಸಲ ಸಕ್ಕರೆ ಏರಲೂ ಬಾರದು, ಇಳಿಯಲೂ ಬಾರದು ಎಂದರು. ಅಲ್ಲಿಯವರೆಗೆ ಅತ್ತೆಯೇ ನನ್ನ ಮೂತ್ರವನ್ನು ನೀಲಿ ಔಷಧದಲ್ಲಿ ಕಾಯಿಸಿ ಬಣ್ಣ ನೋಡುತ್ತಿದ್ದರು. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಹೆಚ್ಚೆಂದು ನನಗೆ ಅನ್ನ ಕಡಿಮೆ. ಈಗ ನನ್ನ ಗಂಡ ಬೆಂಗಳೂರಿನಿಂದ ರಕ್ತ ನೋಡುವ ಮಿಷನ್ನು ತಂದರು. ಜೊತೆಗೆ ಬೆರಳು ಚುಚ್ಚಲು ಪೆನ್ನಿನಂಥದ್ದೊಂದು, ಒತ್ತಿದರೆ ಟಕ್ ಎನ್ನುವುದು. "ಮೊದ್ಲು ನಂಗೆ ಚುಚ್ಚು ಕಣ್ಲಾ" ಎಂದು ಅತ್ತೆ ಮಗನೆದುರು ಕೈ ಒಡ್ಡಿದರು. ಚುಚ್ಚಿಸಿಕೊಂಡು, "ಥೂ, ಇದಕ್ಕಿಂತ ಇರುವೇನೇ ಜೋರು" ಎಂದರು.

ದಿನಾ ಬೆಳಿಗ್ಗೆ ನಾನು ಕೈ ತೊಳೆದು ಕೂತರೆ ಅವರು ನನ್ನ ಬೆರಳು ಉಜ್ಜಿ ಬಿಸಿ ಮಾಡಿ, ಚುಚ್ಚಿ, ಹನಿ ಬರುವವರೆಗೆ ಒತ್ತುವರು. "ಎಷ್ಟಂತಮ್ಮ?" ಎಂದು ಕೇಳುವರು. ಮೂರನೇ ಕ್ಲಾಸಿನವರೆಗೆ ಓದಿದ ನಾನು ಅಂಕಿ ಓದಿ ಹೇಳುವೆ.

ಒಂದು ದಿನ ಬೆಲ್ಲದ ಗಾಡಿ ಬೇಗ ಬಂತು. ಅತ್ತೆ ಬೆಲ್ಲ ಇಳಿಸಿಕೊಂಡು ಹಾಗೇ ಒಳಗೆ ಬಂದು ನನ್ನ ಬೆರಳು ಹಿಡಿದರು. ಎಂದೂ ಕಾಣದಷ್ಟು ದೊಡ್ಡ ಅಂಕಿ! ಇದೂ ಹೋಯಿತು ಎಂದು ನಾನು ಅಳುತ್ತ ಕೂತೆ. ಹೆಚ್ಚು ತೋರಿಸಿದರೆ ಇನ್ಸುಲಿನ್ ಹೆಚ್ಚಿಸಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನ್ನ ಗಂಡ ಸಿರಿಂಜಿಗೆ ಜಾಸ್ತಿ ಎಳೆದುಕೊಂಡರು.

"ತಡಿಯಲಾ," ಎಂದು ಅತ್ತೆ ಅವರ ಕೈ ಹಿಡಿದರು. "ನಿನ್ನೆ ಸರಿಯಾಗೇ ಇತ್ತು. ರಾತ್ರಿ ನನ್ನೆದುರ್ಗೇ ಉಂಡವ್ಳೆ. ನಂಗೊಂದು ಚುಚ್ಚು."

ಅವರದು ನನ್ನದಕ್ಕಿಂತ ಹೆಚ್ಚು!

"ಇಷ್ಟಿದ್ರೆ ನಾನು ಗಾಡಿ ಬೆಲ್ಲ ಇಳಿಸ್ತಿದ್ನಾ?" ಎನ್ನುತ್ತ ಅತ್ತೆ ರಕ್ತ ಒಸರುತ್ತಿದ್ದ ಬೆರಳನ್ನು ಬಾಯಿಗಿಟ್ಟು ಚೀಪಿದರು. ಚೀಪಿದವರೇ ಹಣೆ ಬಡಿದುಕೊಂಡರು. "ಅಯ್ಯೋ ನನ್ ಕೈಯ್ಯೇ! ಬೆಲ್ಲ ಕಣ್ಲಾ! ಅವಳ ಬೆರಳಿಗೂ ಮೆತ್ಬುಟ್ಟಿವ್ನಿ!"

ಸೋಪು ಹಾಕಿ ಇಬ್ಬರೂ ಕೈ ತೊಳೆದು ಮತ್ತೆ ನೋಡಿದರೆ ನನ್ನದು ಎಂದಿನ ಅಂಕಿ. ಗಂಡ ಸಿರಿಂಜಿನಲ್ಲಿದ್ದ ಹೆಚ್ಚಿನದನ್ನು ಚೆಲ್ಲಿದರು. ಅದು ಮೈಗೆ ಹೋಗಿದ್ದರೆ ಸಕ್ಕರೆ ಇಳಿದು ತಾಯಿ ಮಗು ಇಬ್ಬರಿಗೂ ಅಪಾಯವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಹೆರಿಗೆಗೆ ಕಲ್ಯಾಣದುರ್ಗದ ತವರಿಗೆ ಹೊರಟಾಗ ಅತ್ತೆಯೂ ಬಸ್ಸು ಹತ್ತಿದರು. "ಅತ್ತೇನೂ ಜೊತೇಲಿ ಕಟ್ಕೊಂಡ್ ಬಂದವ್ಳಲ್ಲ ನಿನ್ ಮಗಳು!" ಎಂದು ತವರಿನ ಪಕ್ಕದ ಮನೆಯಾಕೆ ನಮ್ಮಮ್ಮನನ್ನು ಛೇಡಿಸಿದಳು. ಅತ್ತೆ ಒಳಗಿಂದಲೇ, "ನಾನ್ ಬಂದಿರೋದು ಮಿಷನ್ನಿನ ಜೊತೆ ಕಣಮ್ಮ, ಅದೊಂದನ್ನೇ ಕಳ್ಸಕ್ಕಾಯ್ತದಾ?" ಎಂದರು.

ಮಗಳು ಹುಟ್ಟಿದಳು. ಅವಳು ಶಾಲೆ ಸೇರಿದ ವರ್ಷವೇ ಅತ್ತೆ ತೀರಿಕೊಂಡರು.

ಮೊನ್ನೆ ಆ ಮಗಳು ಗಂಡು ಕೂಸು ಹೆತ್ತಿದ್ದಾಳೆ. ಹಾಲು ಕುಡಿದರೂ ಅಳುತ್ತದೆ, ತೂಗಿದರೂ ಅಳುತ್ತದೆ. ಮನೆಮಂದಿಗೆಲ್ಲ ಸಾಕಾಗಿದೆ. ನನಗೋ ಕೇಳಿದಷ್ಟೂ ಸಾಲದು. ಅತ್ತೆ ಅಂದು ಮಗನ ಕೈ ಹಿಡಿಯದಿದ್ದರೆ ಈ ದನಿ ಎಲ್ಲಿತ್ತು? ಅಳಲಿ ಬಿಡಿ, ಬೀದಿಗೆಲ್ಲ ಕೇಳಲಿ.