ಬಲೆ ಅಜ್ಜಿ ಹಾಕಿದ ಗಂಟು

ಬಲೆ ಅಜ್ಜಿಯ ಬಲಗೈ ತೋರುಬೆರಳಿನಲ್ಲಿ ಒಂದು ಗೆರೆ ಬಿದ್ದಿತ್ತು. ಬರೀ ಗೆರೆಯಲ್ಲ, ಅಕ್ಕಿಕಾಳು ಅಡ್ಡ ಮಲಗುವಷ್ಟು ಆಳದ ಕೊರಕಲು. ಜೀವಮಾನವಿಡೀ ಬಲೆಯ ದಾರ ಎಳೆದೆಳೆದು ಬಿದ್ದದ್ದು. ಆ ಬೆರಳು ಕಂಡರೆ ನನಗೆ ಸಣ್ಣಂದಿನಿಂದಲೂ ಹೆದರಿಕೆ. ನಮ್ಮ ಬೀಜಾಡಿ ಕಡಲ ಬದಿಯಲ್ಲಿ ಯಾರು ಹೊಸ ಬಲೆ ಹೆಣೆದರೂ ಕೊನೆಯ ಒಂದು ಗಂಟನ್ನು ಹಾಗೇ ಬಿಟ್ಟು, ಬಲೆಯನ್ನು ಅಜ್ಜಿಯ ಅಂಗಳಕ್ಕೆ ಹೊತ್ತು ತರುತ್ತಿದ್ದರು. ಅಜ್ಜಿ ಬಾಯೊಳಗೇ ಏನೋ ಗೊಣಗಿ ಆ ಗಂಟು ಹಾಕಬೇಕು. ಹಾಕಿದರೆ ಮುಗಿಯಿತು, ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ. ಮೀನಿಗೆ ಮಾತ್ರವಲ್ಲ, ಮನುಷ್ಯರಿಗೂ ಹಾಕುತ್ತಾಳೆ ಎಂದು ಹೆಂಗಸರು ದನಿ ತಗ್ಗಿಸಿ ಹೇಳುತ್ತಿದ್ದರು.

ವಿಚಿತ್ರವೆಂದರೆ, ತನ್ನ ಮನೆಯಲ್ಲಿ ಅಜ್ಜಿ ಒಂದು ಗಂಟನ್ನೂ ಇಡುತ್ತಿರಲಿಲ್ಲ. ತಲೆಗೂದಲು ಯಾವಾಗಲೂ ಬಿಚ್ಚಿಯೇ ಇರುತ್ತಿತ್ತು. ದನಕ್ಕೆ ಹಗ್ಗವಿಲ್ಲ. ಅದು ಊರೆಲ್ಲ ತಿರುಗಿ, ನಮ್ಮ ಬಸಳೆ ಚಪ್ಪರವನ್ನು ಬೋಳು ಮಾಡಿ ಹೋಗುತ್ತಿತ್ತು. ನನ್ನ ಅಮ್ಮ ಜಗಳಕ್ಕೆ ಹೋದರೆ ಅಜ್ಜಿ ಕವಳ ಜಗಿಯುತ್ತಾ, "ಹ್ವಾಯ್, ಅದ್ಕೆ ಮನ್ಸ್ ಇದ್ರ್ ಮನಿಗ್ ಬತ್ತ್. ನಾನೆಂತಕ್ ಕಟ್ಟುದ್?" ಎನ್ನುತ್ತಿದ್ದಳು. ಇಂಥವಳ ಹತ್ತಿರ ಜಗಳವಾಡಿ ಗೆಲ್ಲುವುದುಂಟೇ!

ನಾನು ಕೋಟೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟ ವರ್ಷ, ಬೋಟಿನ ಇಂಜಿನ್ ರಿಪೇರಿಗೆಂದು ಹಾಲಾಡಿ ಕಡೆಯವರೊಬ್ಬರು ನಮ್ಮೂರಿಗೆ ಬಂದರು. ಹರಿದ ಅಂಗಿ ಹೊಲಿಸಲು ನನ್ನ ಅಂಗಡಿಗೇ ಬರುತ್ತಿದ್ದರು. ಬಂದರೆ ಅಂಗಿ ನೋಡುತ್ತಿದ್ದರೇ ವಿನಾ ನನ್ನ ಮುಖ ನೋಡಿದವರಲ್ಲ. ನನಗೋ ಮರುಳು ಹಿಡಿದಿತ್ತು. ಅವರಿಗೆ ಊರಿನಲ್ಲಿ ಹೆಣ್ಣು ನೋಡುತ್ತಿದ್ದಾರೆಂದು ಗೊತ್ತಾದ ದಿನ, ಅವರ ಅಂಗಿಯಿಂದ ಒಂದು ನೂಲು ಎಳೆದು ಮುಷ್ಟಿಯಲ್ಲಿ ಹಿಡಿದುಕೊಂಡು ಅಜ್ಜಿಯ ಅಂಗಳಕ್ಕೆ ಹೋದೆ.

"ಮನ್ಸ್ ಇಲ್ದಿದ್ ಗಂಡನ್ನ ಕಟ್ಕಂಡ್ ಎಂತ ಮಾಡ್ತೆ ಹೆಣ್ಣೇ?" ಎಂದು ಅಜ್ಜಿ ಅಟ್ಟಿದಳು. ಮಾರನೆಯ ದಿನವೂ ಅಟ್ಟಿದಳು. ಮೂರನೆಯ ದಿನ ನನ್ನ ಅಳು ನೋಡಲಾರದೆ ಆ ನೂಲನ್ನು ಬಲೆಯ ದಾರಕ್ಕೆ ಸೇರಿಸಿ ಏಳು ಗಂಟು ಹಾಕಿ ಕೈಗಿಟ್ಟಳು. "ಕಟ್ಟುಕೆ ನಾನ್. ಬಿಚ್ಚುದಿದ್ರ್ ನೀನೇ ಬಿಚ್ಚ್ಕ್. ನೆನ್ಪಿರ್ಲಿ."

ಎಂಟು ದಿನ ಕಳೆಯಲಿಲ್ಲ, ಅವರು ಅಂಗಡಿಗೆ ಬಂದರು. ಕೈಯಲ್ಲಿ ಹರಿದ ಅಂಗಿ ಇರಲಿಲ್ಲ. "ನಿಮ್ಮನಿಗ್ ಅಪ್ಪಯ್ಯನ್ನ ಕರ್ಕಂಡ್ ಬರ್ಲಾ?" ಎಂದು ಕೇಳಿದರು. ನಾನು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡೆ.

ಮದುವೆಯಾಗಿ ಒಂದು ತಿಂಗಳು ಸುಖವಾಗಿದ್ದೆ. ಆಮೇಲೆ ಹೆದರಿಕೆ ಶುರುವಾಯಿತು. ಏಕೆಂದರೆ ನಮ್ಮವರಿಗೆ ಸಿಟ್ಟೇ ಬರುತ್ತಿರಲಿಲ್ಲ. ಇಸ್ತ್ರಿ ಹಾಕುವಾಗ ಹೊಸ ಅಂಗಿ ಸುಟ್ಟರೆ "ಅಡ್ಡಿಲ್ಲೆ". ಬೇಕೆಂದೇ ಅವರ ಅಕ್ಕನಿಗೆ ಎದುರುತ್ತರ ಕೊಟ್ಟೆ, ಅದಕ್ಕೂ "ಅಡ್ಡಿಲ್ಲೆ". ಬೊಂಬಾಯಿಯಿಂದ ಒಳ್ಳೆಯ ಕೆಲಸಕ್ಕೆ ಕರೆ ಬಂದರೆ, "ನಿನ್ ಬಿಟ್ಟಿಕ್ ಎಲ್ಲಿಗ್ ಹೋಪುದ್?" ಎಂದು ನಕ್ಕುಬಿಟ್ಟರು. ಬೇರೆ ಹೆಂಗಸಾಗಿದ್ದರೆ ಹಿಗ್ಗುತ್ತಿದ್ದಳು. ನನಗೆ ಒಂದೇ ಯೋಚನೆ. ಈ ಮಾತು ಆಡುತ್ತಿರುವುದು ಇವರೋ, ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಿದ್ದಿರುವ ಆ ದಾರವೋ? ಪಕ್ಕದಲ್ಲಿ ಮಲಗಿದ ಗಂಡನನ್ನು ಕಂಡು ಹೆದರುವ ಬಾಳು ಯಾವ ವೈರಿಗೂ ಬೇಡ. ಒಂಬತ್ತು ವರ್ಷ ಹಾಗೆ ಬಾಳಿದೆ.

ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಾ ಕೇಳಿಯೇಬಿಟ್ಟೆ. "ಅಜ್ಜೀ, ನೀವ್ ಕಟ್ಟಿದವ್ರಿಗೆ ಸಿಟ್ಟ್ ಬತ್ತಿಲ್ಯಾ?"

ಅಜ್ಜಿ ಬಟ್ಟಲನ್ನು ಕೈಯಿಂದ ಸರಿಸಿದಳು. "ನಾನ್ ಮೊದ್ಲ್ ಕಟ್ಟಿದ್ದ್ ನನ್ನ್ ಗಂಡನ್ನೇ. ಹನ್ನೆರ್ಡ್ ವರ್ಷ ಒಂದ್ ಜೋರ್ ಮಾತಿಲ್ಲೆ. ಅಂವ ನೆಗಾಡಿದ್ರೆ, ಅದ್ ಅವನ್ ನೆಗಿಯೋ ನನ್ ಗಂಟಿನ್ ನೆಗಿಯೋ ಅಂದೇ ಗೊತ್ತಾತಿರ್ಲಿಲ್ಲೆ. ಕಡಿಗ್ ಬಿಚ್ಚಿದೆ."

"ಮತ್ತೆ?"

"ಬೊಂಬಾಯಿ ಬಸ್ ಹತ್ದ. ಬರ್ಲೇ ಇಲ್ಲೆ."

"ಬಿಚ್ಚಿದ್ದಕ್ಕೆ ಬೇಜಾರಿತ್ತಾ ಅಜ್ಜೀ?"

"ಇತ್ತ್. ದಿನಾ ಇತ್ತ್. ಆದ್ರೆ ನಿದ್ರೆ ಬತ್ತ್ ಮಗಾ."

"ನಮ್ಮವ್ರೂ ಹೋತ್ರಾ?" ಎಂದು ಕೇಳಿದೆ.

"ನಂಗೆಂತ ಗೊತ್ತ್?" ಎಂದಳು ಅಜ್ಜಿ. ಸುಳ್ಳಾದರೂ ಒಂದು ಸಮಾಧಾನದ ಮಾತು ಹೇಳಬಾರದೇ ಈ ಮುದುಕಿ ಎಂದು ನನಗೆ ಅಳುವಷ್ಟು ಸಿಟ್ಟು ಬಂತು. ಬಟ್ಟಲನ್ನು ಕುಕ್ಕಿ ಎದ್ದು ಬಂದೆ.

ಅಂದೇ ಮಧ್ಯಾಹ್ನ ಸೂಜಿಯ ತುದಿಯಿಂದ ಗಂಟು ಬಿಚ್ಚಲು ಕೂತೆ. ಒಂದೊಂದಕ್ಕೂ ದೇವರ ಹೆಸರು ಹೇಳಬೇಕಾಯಿತು. ಏಳನೆಯದು ಬಿಚ್ಚುವಾಗ ಗಂಟೆ ಮೂರು. ದಿನಾ ನಾಲ್ಕಕ್ಕೆ ಬರುವ ನಮ್ಮವರು ಐದಾದರೂ ಬರಲಿಲ್ಲ, ಆರಾದರೂ ಬರಲಿಲ್ಲ. ಫೋನ್ ಸ್ವಿಚ್ ಆಫ್. ಒಳಗೆ ಹೋಗಿ ಅವರ ಅಂಗಿಗಳು ಇವೆಯೇ ಎಂದು ನೋಡಿದೆ. ಅಟ್ಟದ ಮೇಲಿನ ಬ್ಯಾಗು ಮುಟ್ಟಿ ನೋಡಿದೆ. ಹೋಗುವವರಿಗೆ ಬ್ಯಾಗೇ ಬೇಕೇ ಎಂದು ಆಮೇಲೆ ಹೊಳೆಯಿತು.

ದೀಪ ಹಚ್ಚುವ ಹೊತ್ತಿಗೆ ಗೇಟಿನ ಸದ್ದಾಯಿತು. ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. "ಬಲೆ ಅಜ್ಜಿ ಹೋಯ್ತ್. ಮೂರ್ ಗಂಟಿಗಂಬ್ರ್. ಹೊರುಕೆ ಸಮಾ ಜನ ಇರ್ಲಿಲ್ಲೆ, ನಾನೇ ಹೆಗ್ಲ್ ಕೊಟ್ಟೆ. ಕಡಲಂಗೇ ಮಿಂದ್ಕಂಡ್ ಬಂದೆ."

ಮೂರು ಗಂಟೆ. ನಾನು ಏಳನೆಯ ಗಂಟು ಬಿಚ್ಚಿದ ಹೊತ್ತೇ ಅದು. ಆಗ ಮಾತ್ರ ನನಗೆ ತಡೆಯಲಾಗಲಿಲ್ಲ. ಅಳುತ್ತಾ ನೂಲಿನಿಂದ ಹಿಡಿದು ಏಳನೆಯ ಗಂಟಿನವರೆಗೆ ಎಲ್ಲ ಹೇಳಿಬಿಟ್ಟೆ. ಅವರ ಮುಖ ಕೆಂಪೇರಿತು. ನಾನು ಎಂದೂ ಕಂಡಿರದ ಮುಖ.

"ಒಂಬತ್ತ್ ವರ್ಷ! ನನ್ ಹತ್ರ ಒಂದ್ ಮಾತ್ ಕೇಂಬುಕೆ ಆಗ್ದಾ ನಿಂಗೆ? ನಾನೆಂತ ಬಂಗ್ಡಿ ಮೀನಾ, ಬಲೆಗ್ ಬೀಳುಕೆ?" ಎಂದು ಕೂಗಿದವರೇ ಗೇಟನ್ನು ದಢಾರನೆ ಎಳೆದು ಹೊರಟುಹೋದರು.

ನಾನು ಕರೆಯಲಿಲ್ಲ. ಹೊಸ್ತಿಲ ಮೇಲೆ ಕೂತೆ. ಕರೆಯಬೇಕೆಂದು ಗಂಟಲವರೆಗೆ ಬಂದದ್ದನ್ನು ಸೆರಗು ಕಚ್ಚಿ ತಡೆದೆ. ಹೋಗುವುದಿದ್ದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹೋಗಬಾರದು, ದೇವರೇ, ಹೋಗಬಾರದು ಎಂದೇ ಕೂತಿದ್ದೆ.

ಒಲೆಯ ಮೇಲಿನ ಅನ್ನ ಆರುವಷ್ಟರಲ್ಲಿ ಬಂದರು. ನನ್ನ ಮುಖ ನೋಡದೆ ಒಳಗೆ ಹೋಗಿ ಮಣೆ ಎಳೆದುಕೊಂಡರು. "ಸಿಟ್ಟ್ ಇಳಿಲಿಲ್ಲೆ ನಂಗ್ ಇನ್ನೂ. ಬಡ್ಸ್."

ಬಡಿಸಿದೆ. ಬಡಿಸುತ್ತಿದ್ದಂತೆ, ಇದನ್ನು ಒಬ್ಬರಿಗೆ ಹೇಳಲೇಬೇಕು, ಈಗಲೇ ಓಡಿಹೋಗಿ "ಬಂದ್ರ್ ಅಜ್ಜೀ, ನಮ್ಮವ್ರ್ ವಾಪಾಸ್ ಬಂದ್ರ್" ಎಂದು ಹೇಳಬೇಕು ಎಂದು ಸೌಟು ಇಟ್ಟು ಬಾಗಿಲವರೆಗೆ ಹೋದೆ. ಅಲ್ಲಿ ನಿಂತ ಮೇಲೆಯೇ ನೆನಪಾದದ್ದು, ಅಜ್ಜಿಯನ್ನು ಇವರೇ ಹೊತ್ತುಕೊಂಡು ಹೋಗಿ ಬಂದಿದ್ದಾರೆಂದು.